ಹಳೆಯ ಪ್ರೇತಗಳ ಸಹವಾಸ

ಒಮ್ಮೆ ಓದಿದ ಕಾವ್ಯವನ್ನು ಹತ್ತು ಸಲ ಓದುವವನನ್ನು ಲೋಕವು ರಸಿಕನೆನ್ನುತ್ತದೆ. ಒಮ್ಮೆ ಕೇಳಿದ ಕೀರ್ತನೆಯನ್ನು ನೂರು ಸಲ ಕೇಳುವವನನ್ನು ಭಕ್ತನೆನ್ನುತ್ತದೆ. ಆದರೆ ಐವತ್ತು ವರ್ಷಗಳ ಹಿಂದೆ ಮುಗಿದುಹೋದ ಒಂದು ಟೆಲಿವಿಷನ್ ಧಾರಾವಾಹಿಯನ್ನು, ಅದರಲ್ಲಿಯೂ ಪ್ರೇತಗಳು, ಮಾಟಗಾತಿಯರು, ತೋಳಮಾನವರು ಕಿಕ್ಕಿರಿದು ತುಂಬಿದ ಧಾರಾವಾಹಿಯನ್ನು, ನಾಲ್ಕು ಮಂದಿ ವಯಸ್ಸಾದವರು ಒಂದೆಡೆ ಕುಳಿತು ಮೊದಲಿನಿಂದ ಮತ್ತೆ ನೋಡತೊಡಗಿದರೆಂದರೆ, ಅವರನ್ನು ಕರೆಯುವುದಕ್ಕೆ ಲೋಕದ ಬಳಿ ಒಳ್ಳೆಯ ಮಾತಿಲ್ಲ. "ಮಾಡುವುದಕ್ಕೆ ಬೇರೆ ಕೆಲಸವಿಲ್ಲದವರು" ಎಂದು ನಮ್ಮ ಮನೆಯಾಕೆ ಅಂದುದುಂಟು. ಆ ಮಾತಿನಲ್ಲಿ ಸುಳ್ಳೇನೂ ಇಲ್ಲ. ನಾವು ನಾಲ್ವರೂ ಕೆಲಸದಿಂದ ನಿವೃತ್ತರಾದವರೇ. ಆದರೆ ಕೆಲಸವಿಲ್ಲದವರಿಗೆ ಹೊತ್ತು ಕಳೆಯಲು ನೂರು ದಾರಿಗಳುಂಟಷ್ಟೆ. ಆ ನೂರನ್ನೂ ಬಿಟ್ಟು ಈ ಒಂದರಲ್ಲಿ ಎರಡು ವರ್ಷ ಎಂಟು ತಿಂಗಳು ನಡೆದುದೇಕೆಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಧಾರಾವಾಹಿಯ ಹೆಸರು 'ಡಾರ್ಕ್ ಶ್ಯಾಡೋಸ್'. ಕನ್ನಡದಲ್ಲಿ 'ಕರಿಯ ನೆರಳುಗಳು' ಎನ್ನಬಹುದು. ಅಮೆರಿಕದ ಎ.ಬಿ.ಸಿ. ಸಂಸ್ಥೆಯು ಇದನ್ನು ೧೯೬೬ನೆಯ ಜೂನ್ ೨೭ರಿಂದ ೧೯೭೧ನೆಯ ಏಪ್ರಿಲ್ ೨ರವರೆಗೆ, ವಾರಕ್ಕೆ ಐದು ದಿನ, ಮಧ್ಯಾಹ್ನದ ಮೇಲೆ ಅರ್ಧ ಗಂಟೆಯಂತೆ ಪ್ರಸಾರ ಮಾಡಿತು. ಒಟ್ಟು ಕಂತುಗಳು ೧,೨೨೫. ಆ ಹೊತ್ತಿನ ಧಾರಾವಾಹಿಗಳೆಂದರೆ ಮನೆಯಲ್ಲಿರುವ ಹೆಂಗಸರಿಗಾಗಿ ಹೆಣೆದ ಸಂಸಾರದ ಕಥೆಗಳು; ಸಾಬೂನು ಮಾರುವವರ ಹಣದಿಂದ ನಡೆಯುತ್ತಿದ್ದುದರಿಂದ ಅವಕ್ಕೆ 'ಸೋಪ್ ಒಪೆರಾ' ಎಂದು ಹೆಸರು. ಆದರೆ ಡ್ಯಾನ್ ಕರ್ಟಿಸ್ ಎಂಬ ನಿರ್ಮಾಪಕರಿಗೆ ಒಂದು ರಾತ್ರಿ ಕನಸು ಬಿದ್ದಿತಂತೆ: ರೈಲಿನಲ್ಲಿ ಒಂಟಿಯಾಗಿ ಕುಳಿತ ತರುಣಿಯೊಬ್ಬಳು ಯಾವುದೋ ದೊಡ್ಡ ಹಳೆಯ ಮನೆಗೆ ಹೋಗುತ್ತಿದ್ದಾಳೆ. ಆ ಕನಸೇ ಕಥೆಯ ಬೀಜವಾಯಿತು. ಮೇನ್ ಸಂಸ್ಥಾನದ ಕಡಲತೀರದಲ್ಲಿ ಕಾಲಿನ್ಸ್‌ಪೋರ್ಟ್ ಎಂಬ ಕಲ್ಪಿತ ಊರು. ಅಲ್ಲಿ ಕಾಲಿನ್‌ವುಡ್ ಎಂಬ ಮಹಾಗೃಹ. ಮನೆಯ ಬಾಲಕನಿಗೆ ಪಾಠ ಹೇಳಲು ಬಂದ ವಿಕ್ಟೋರಿಯಾ ವಿಂಟರ್ಸ್ ಎಂಬ ಅನಾಥೆ. ಹದಿನೆಂಟು ವರ್ಷಗಳಿಂದ ಹೊಸಿಲು ದಾಟದ ಮನೆಯೊಡತಿ ಎಲಿಜಬೆತ್. ಒಡತಿಯ ಪಾತ್ರವನ್ನು ವಹಿಸಿದವರು ಜೋನ್ ಬೆನೆಟ್. ೧೯೩೦-೪೦ರ ದಶಕಗಳಲ್ಲಿ ಚಲನಚಿತ್ರಗಳ ಮುಖ್ಯ ತಾರೆಯಾಗಿದ್ದವರು. 'ಜೇನ್ ಏರ್' ಕಾದಂಬರಿಯನ್ನು ಓದಿದವರಿಗೆ ಈ ಮನೆ ಅಪರಿಚಿತವೆನಿಸದು.

ಇನ್ನು ನೋಡುವವರ ವಿಚಾರ. ನಾನು ೧೯೭೯ರಲ್ಲಿ ಅಮೆರಿಕಕ್ಕೆ ಬಂದವನು. ನ್ಯೂಜೆರ್ಸಿಯ ಒಂದು ಸಣ್ಣ ಊರಿನಲ್ಲಿ ನೆಲೆಸಿದೆ. ಧಾರಾವಾಹಿ ಅಷ್ಟು ಹೊತ್ತಿಗೆ ಮುಗಿದಿದ್ದರೂ ೧೯೭೫ರಿಂದೀಚೆಗೆ ಅದರ ಮರುಪ್ರಸಾರ ಅಲ್ಲಲ್ಲಿ ನಡೆಯುತ್ತಿದ್ದಿತು. ಈ ದೇಶದ ಮಾತಿನ ಧಾಟಿಯನ್ನು ಕಿವಿಗೆ ರೂಢಿಸಿಕೊಳ್ಳಲೆಂದು ಸಿಕ್ಕಿದುದೆಲ್ಲವನ್ನೂ ನೋಡುತ್ತಿದ್ದ ಕಾಲದಲ್ಲಿ ಇದರ ಕೆಲವು ಕಂತುಗಳು ಕಣ್ಣಿಗೆ ಬಿದ್ದವು. ನಮ್ಮ ಬೀದಿಯ ಆ ತುದಿಯಲ್ಲಿದ್ದ ನಿವೃತ್ತ ಉಪಾಧ್ಯಾಯಿನಿಯವರು ಮಾತ್ರ ಮೊದಲ ಪ್ರಸಾರದ ಪ್ರೇಕ್ಷಕರು. ೧೯೬೭ರಲ್ಲಿ ಹತ್ತು ವರ್ಷದ ಹುಡುಗಿ. ಶಾಲೆಯ ಗಂಟೆ ಹೊಡೆದೊಡನೆ ಪುಸ್ತಕದ ಚೀಲವನ್ನು ಎದೆಗವಚಿಕೊಂಡು ಮನೆಗೆ ಓಡುತ್ತಿದ್ದ ಸಾವಿರಾರು ಮಕ್ಕಳಲ್ಲಿ ಒಬ್ಬರು. ಮೂರನೆಯವರು ಅವರ ನೆರೆಯ ವಿದ್ಯುತ್ ಕೆಲಸಗಾರರು. ನಾಲ್ಕನೆಯವರು ಆಸ್ಪತ್ರೆಯಲ್ಲಿ ನಲವತ್ತು ವರ್ಷ ದುಡಿದ ದಾದಿ. ಮಂಗಳವಾರ ಮತ್ತು ಶುಕ್ರವಾರ ಸಂಜೆ ಉಪಾಧ್ಯಾಯಿನಿಯವರ ಮನೆಯಲ್ಲಿ ಕೂಡುವುದು, ಕೂಡಿದಾಗ ಐದು ಕಂತು ನೋಡುವುದು ಎಂದು ೨೦೨೧ರ ಅಕ್ಟೋಬರಿನಲ್ಲಿ ನಿಶ್ಚಯವಾಯಿತು. ೨೦೧೨ರಲ್ಲಿ ಇಡೀ ಧಾರಾವಾಹಿಯನ್ನು ೧೩೧ ತಟ್ಟೆಗಳಲ್ಲಿ ಅಡಕಮಾಡಿ, ಶವಪೆಟ್ಟಿಗೆಯ ಆಕಾರದ ಪೆಟ್ಟಿಗೆಯಲ್ಲಿಟ್ಟು ಮಾರಾಟಕ್ಕೆ ಬಿಟ್ಟಿದ್ದರು. ಅದೊಂದು ಅವರ ಮನೆಯ ಪುಸ್ತಕದ ಬೀರುವಿನಲ್ಲಿ ಗಂಭೀರವಾಗಿ ನಿಂತಿದ್ದಿತು.

ಮೊದಲ ಸಂಜೆಯೇ ಒಂದು ವಿವಾದ ಹುಟ್ಟಿತು. ಈ ಕಥೆಯಲ್ಲಿ ಮೊದಲ ಕೆಲವು ತಿಂಗಳು ಪ್ರೇತದ ಸುಳಿವು ಅಷ್ಟಕ್ಕಷ್ಟೆ. ಕಥಾನಾಯಕನೆನಿಸಿದ ಬಾರ್ನಬಸ್ ಕಾಲಿನ್ಸನ ಆಗಮನವಾಗುವುದು ೧೯೬೭ರ ಏಪ್ರಿಲಿನಲ್ಲಿ. ೨೧೦ನೆಯ ಕಂತಿನ ಕೊನೆಯಲ್ಲಿ ಅವನ ಕೈಯಷ್ಟೇ ಕಾಣುತ್ತದೆ. ಆದುದರಿಂದ ಹೊಸಬರಲ್ಲಿ ಅನೇಕರು ಹಿಂದಿನದನ್ನು ಬಿಟ್ಟು ಅಲ್ಲಿಂದಲೇ ಆರಂಭಿಸುವುದುಂಟು. ದಾದಿಯವರು ಅದೇ ಸರಿಯೆಂದರು. ಹಾಗೆ ಹೇಳುವುದಕ್ಕೆ ಅವರಿಗೆ ಬಾಯಿಬಿಟ್ಟು ಹೇಳದ ಇನ್ನೊಂದು ಕಾರಣವೂ ಇದ್ದಿತು. ಉಪಾಧ್ಯಾಯಿನಿಯವರಿಗೆ ಆ ವರ್ಷದ ಬೇಸಗೆಯಲ್ಲಿ ಕಠಿನವಾದ ರೋಗವೊಂದು ಕಾಣಿಸಿಕೊಂಡು ಚಿಕಿತ್ಸೆ ನಡೆಯುತ್ತಿದ್ದಿತು. ಉಪಾಧ್ಯಾಯಿನಿಯವರು ಒಂದು ಚೀಟಿ ತೆಗೆದುಕೊಂಡು ಲೆಕ್ಕ ಹಾಕಿದರು. ವಾರಕ್ಕೆ ಹತ್ತರಂತೆ ೧,೨೨೫ ಕಂತುಗಳಿಗೆ ನೂರಿಪ್ಪತ್ತಮೂರು ವಾರ. ಚೀಟಿಯನ್ನು ನಮ್ಮೆಲ್ಲರಿಗೂ ತೋರಿಸಿ, "ಮೊದಲ ಕಂತಿನಿಂದಲೇ ಆಗಲಿ. ಭಯ ಬರಬೇಕಾದರೆ ಅದಕ್ಕೆ ಮುಂಚೆ ಸ್ವಲ್ಪ ಬೇಸರವೂ ಬಂದಿರಬೇಕು" ಎಂದರು. ಆ ಮೇಲೆ ಯಾರೂ ಮಾತನಾಡಲಿಲ್ಲ.

ಬೇಸರ ಬಂದುದೂ ನಿಜವೇ. ಕಪ್ಪುಬಿಳುಪಿನ ಆ ಆರಂಭದ ಕಂತುಗಳಲ್ಲಿ ಜನ ಕಾಫಿ ಕುಡಿಯುತ್ತಾರೆ, ಕಿಟಕಿಯ ಬಳಿ ನಿಂತು ಕಡಲನ್ನು ನೋಡುತ್ತಾರೆ, ಹಿಂದೆ ನಡೆದುದೊಂದನ್ನು ಹೇಳಹೊರಟು ಹೇಳದೆ ಬಿಡುತ್ತಾರೆ. ರಾಬರ್ಟ್ ಕೋಬರ್ಟ್ ಅವರ ಸಂಗೀತ ಮಾತ್ರ ಏನೋ ಘೋರವಾದುದು ಬಾಗಿಲಾಚೆ ಕಾದಿದೆಯೆಂದು ಕಂತಿಕಂತಿಗೂ ಎಚ್ಚರಿಸುತ್ತಲೇ ಇರುತ್ತದೆ. ಉಪಾಧ್ಯಾಯಿನಿಯವರು ಒಂದು ಗೆರೆ ಹಾಕಿದ ಪುಸ್ತಕವನ್ನಿಟ್ಟುಕೊಂಡು ಪ್ರತಿಯೊಂದು ಕಂತಿನ ಸಂಖ್ಯೆ ಬರೆದು, ಅದರಲ್ಲಿ ಕಂಡ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸಿ, ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಿದ್ದರು. ಮೂವತ್ತು ವರ್ಷದ ಅಭ್ಯಾಸ ಹೋಗುವುದೆಲ್ಲಿಗೆ?

ತಪ್ಪುಗಳಿಗೇನೂ ಬಡತನವಿರಲಿಲ್ಲ. ಗೋಡೆಯ ಮೇಲೆ ಧ್ವನಿಗ್ರಾಹಕದ ನೆರಳು ಹಾದುಹೋಗುತ್ತದೆ. ಸಮಾಧಿಯ ಕಲ್ಲಿಗೆ ಉಡುಪು ತಗಲಿದರೆ ಕಲ್ಲು ಅಲುಗುತ್ತದೆ. ಅತ್ಯಂತ ಶೋಕದ ಗಳಿಗೆಯಲ್ಲಿ ನೊಣವೊಂದು ಬಂದು ನಟನ ಹಣೆಯ ಮೇಲೆ ಕುಳಿತುಕೊಳ್ಳುತ್ತದೆ. ನಟರು ಮಾತು ಮರೆತು, ಎದುರಿಗಿದ್ದವರ ಮುಖ ಬಿಟ್ಟು, ಬರಹ ತೋರಿಸುವ ಯಂತ್ರದ ಕಡೆಗೆ ಕಣ್ಣು ಹಾಯಿಸುತ್ತಾರೆ. ಇವಕ್ಕೆಲ್ಲ ಕಾರಣವುಂಟು. ಆ ಕಾಲದಲ್ಲಿ ವಿಡಿಯೋ ಟೇಪನ್ನು ಕತ್ತರಿಸಿ ಜೋಡಿಸುವುದು ಕಷ್ಟದ, ಖರ್ಚಿನ ಕೆಲಸ. ಆದುದರಿಂದ ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಕಂತನ್ನು ನೇರಪ್ರಸಾರದಂತೆಯೇ ಮೊದಲಿನಿಂದ ಕೊನೆಗೆ ಆಡಿಬಿಡುತ್ತಿದ್ದರು. ತೀರ ಅನಾಹುತವಾದ ಹೊರತು ಟೇಪನ್ನು ನಿಲ್ಲಿಸುತ್ತಿರಲಿಲ್ಲ. ಮರುದಿನಕ್ಕೆ ಮತ್ತೊಂದು ಕಂತು, ಮತ್ತಷ್ಟು ಕಂಠಪಾಠ. ವಿದ್ಯುತ್ ಕೆಲಸದ ಮಿತ್ರರು ಪ್ರತಿಯೊಂದು ನೆರಳಿಗೂ ದೀಪ ಎಲ್ಲಿದ್ದಿರಬೇಕೆಂದು ವಿವರಿಸುತ್ತಿದ್ದರು. ಅವರ ಪಾಲಿಗೆ ಅದೇ ರಹಸ್ಯಕಥೆ.

ಆದರೆ ಪುಸ್ತಕದಲ್ಲಿ ಅಂಕಗಳನ್ನು ನೋಡಿದಾಗ ನಮಗೆ ಆಶ್ಚರ್ಯವಾಗುತ್ತಿದ್ದಿತು. ಐದು ತಪ್ಪುಗಳಿದ್ದ ಕಂತಿಗೆ ಒಂಬತ್ತು. ಒಂದೂ ತಪ್ಪಿಲ್ಲದ ಕಂತಿಗೆ ನಾಲ್ಕು. ಕೇಳಿದುದಕ್ಕೆ, "ತಪ್ಪಿಗೆ ನಾನು ಅಂಕ ಕಳೆಯುವುದಿಲ್ಲ, ಅಸಡ್ಡೆಗೆ ಕಳೆಯುತ್ತೇನೆ. ಶಾಲೆಯಲ್ಲಿಯೂ ಹಾಗೆಯೇ ಮಾಡುತ್ತಿದ್ದೆ" ಎಂದರು. ಈ ಮಾತು ಧಾರಾವಾಹಿಯ ಮರ್ಮವನ್ನೇ ಮುಟ್ಟಿದುದೆಂದು ನನ್ನ ಭಾವನೆ.

ಬಾರ್ನಬಸನನ್ನೇ ತೆಗೆದುಕೊಳ್ಳಿ. ಕುಟುಂಬದ ಒಡವೆಗಳ ಆಸೆಯಿಂದ ವಿಲ್ಲಿ ಲೂಮಿಸ್ ಎಂಬ ಪುಂಡನು ಸಮಾಧಿಯೊಳಗಿನ ಪೆಟ್ಟಿಗೆಯ ಸರಪಣಿ ಬಿಚ್ಚುತ್ತಾನೆ. ಒಳಗಿದ್ದುದು ನೂರೆಪ್ಪತ್ತು ವರ್ಷಗಳಿಂದ ಸೆರೆಯಾಗಿದ್ದ, ನರರಕ್ತ ಹೀರುವ ಪ್ರೇತ. ಆ ಪ್ರೇತವು ಇಂಗ್ಲೆಂಡಿನಿಂದ ಬಂದ ದಾಯಾದಿಯೆಂದು ಹೇಳಿಕೊಂಡು, ಮೈಮೇಲೆ ಮೇಲಂಗಿ ಹೊದ್ದು, ಕೈಯಲ್ಲಿ ಬೆಳ್ಳಿಯ ಹಿಡಿಯ ಕೋಲು ಹಿಡಿದು, ಕಾಲಿನ್‌ವುಡ್ಡಿನ ಬಾಗಿಲಲ್ಲಿ ಸಭ್ಯನಾಗಿ ನಿಲ್ಲುತ್ತದೆ. ಪಾತ್ರಧಾರಿ ಜೊನಾಥನ್ ಫ್ರಿಡ್, ಕೆನಡಾ ದೇಶದವರು, ಶೇಕ್ಸ್‌ಪಿಯರ್ ನಾಟಕಗಳಲ್ಲಿ ಪಳಗಿದವರು. ಕೆಲವು ವಾರಗಳಿಗೆಂದು ಕರೆಸಿದ ಆ ನಟರನ್ನು ಜನರು ಕೊನೆಯವರೆಗೂ ಬಿಡಲಿಲ್ಲ. ಕಂಠಪಾಠ ಅವರಿಗೆ ದೊಡ್ಡ ಕಷ್ಟವಾಗಿದ್ದಿತು. ಮಾತು ಸಿಕ್ಕದೆ ತಡವರಿಸುತ್ತಿದ್ದರು. ಕಣ್ಣಿನಲ್ಲಿ ಕಳವಳ ಮೂಡುತ್ತಿದ್ದಿತು. ವಿಚಿತ್ರವೆಂದರೆ ಆ ಕಳವಳವೇ ಪಾತ್ರಕ್ಕೆ ಜೀವ ಕೊಟ್ಟಿತು. ಎರಡು ಶತಮಾನಗಳ ಆಚೆಯಿಂದ ಬಂದು ಅಪರಿಚಿತರ ನಡುವೆ ತನ್ನ ಗುಟ್ಟನ್ನು ಕಾಪಾಡಿಕೊಳ್ಳಬೇಕಾದವನು ತಡವರಿಸದೆ ಮತ್ತೇನು ಮಾಡಿಯಾನು? ಒಮ್ಮೆಯಾದರೂ ಆ ಮಹನೀಯರು ನಮ್ಮ ಕಡೆಗೆ ಕಣ್ಣು ಮಿಟುಕಿಸಿ, 'ಇದೆಲ್ಲ ಹುಡುಗಾಟ, ನನಗೂ ಗೊತ್ತು' ಎಂಬ ಭಾವ ತೋರಿದವರಲ್ಲ.

ಇದನ್ನು ನೋಡುತ್ತಿದ್ದಾಗ ನನಗೆ ನಮ್ಮೂರಿನ ಬಯಲಾಟ ನೆನಪಿಗೆ ಬರುತ್ತಿದ್ದಿತು. ರಾವಣನ ವೇಷ ಕಟ್ಟುತ್ತಿದ್ದವರು ಊರಿನ ದಿನಸಿ ಅಂಗಡಿಯವರು. ಮೂರನೆಯ ಜಾವಕ್ಕೆ ಬೆವರಿನಿಂದ ಮೀಸೆಯ ಒಂದು ತುದಿ ಕಳಚುತ್ತಿದ್ದಿತು. ಅದನ್ನು ಎಡಗೈಯಲ್ಲಿ ಒತ್ತಿ ಹಿಡಿದು ಬಲಗೈಯಲ್ಲಿ ಕತ್ತಿ ಝಳಪಿಸುತ್ತಿದ್ದರು. ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಗಳಿಗೆ ಕಳೆದು ಮಂಡೋದರಿ ಅಳತೊಡಗಿದರೆ ಅದೇ ಜನ ಸೆರಗಿನಿಂದ, ವಲ್ಲಿಯಿಂದ ಕಣ್ಣೊರಸಿಕೊಳ್ಳುತ್ತಿದ್ದರು. ನಕ್ಕವರು ಬೇರೆ, ಅತ್ತವರು ಬೇರೆ ಎಂದಿರಲಿಲ್ಲ. ಉಪಾಧ್ಯಾಯಿನಿಯವರಿಗೆ ಈ ಸಂಗತಿ ಹೇಳಿದಾಗ ಅವರು, "ಆ ಅಂಗಡಿಯವರಿಗೆ ಹತ್ತಕ್ಕೆ ಹತ್ತು" ಎಂದು ಪುಸ್ತಕದ ಅಂಚಿನಲ್ಲಿ ಬರೆದುಕೊಂಡರು.

ಅಂತಹ ಕಣ್ಣೀರಿನ ಭಾಗ ನಮಗೂ ಬಂದಿತು. ೧೯೬೭ರ ನವೆಂಬರಿನ ಕಂತುಗಳಲ್ಲಿ ಪ್ರೇತಾವಾಹನೆಗೆಂದು ಎಲ್ಲರೂ ಮೇಜಿನ ಸುತ್ತ ಕುಳಿತಿರುವಾಗ ವಿಕ್ಟೋರಿಯಾ ಮಾಯವಾಗಿ ೧೭೯೫ನೆಯ ಇಸವಿಯಲ್ಲಿ ಕಣ್ತೆರೆಯುತ್ತಾಳೆ. ಈಗಿನ ನಟರೇ ಪೂರ್ವಜರ ವೇಷದಲ್ಲಿ ಬರುತ್ತಾರೆ. ಮಾರ್ಟಿನೀಕ್ ದ್ವೀಪದಿಂದ ಬಂದ ಆಂಜೆಲಿಕ್ ಎಂಬ ದಾಸಿ, ಬಾರ್ನಬಸನಿಂದ ತಿರಸ್ಕೃತಳಾಗಿ, ಮಾಟ ಕಲಿತವಳಾದುದರಿಂದ ಅವನಿಗೆ ಶಾಪ ಕೊಡುತ್ತಾಳೆ. ಅವನು ಪ್ರೀತಿಸಿದ ಜೋಸೆಟ್ ಬಂಡೆಯ ಮೇಲಿನಿಂದ ಕಡಲಿಗೆ ಹಾರುತ್ತಾಳೆ. ಕೊನೆಯಲ್ಲಿ ಗರ್ವಿಷ್ಠನಾದ ತಂದೆ ಜೋಶುವಾ, ಪ್ರೇತವಾದ ಮಗನನ್ನು ಕೊನೆಗಾಣಿಸಲಾರದೆ, ಪೆಟ್ಟಿಗೆಗೆ ಸರಪಣಿ ಸುತ್ತಿಸುತ್ತಾನೆ. ವಿಲ್ಲಿ ಬಿಚ್ಚಿದ ಸರಪಣಿ ಅದೇ. ಅದನ್ನು ಸುತ್ತಿದುದು ದ್ವೇಷವಲ್ಲ, ಒಬ್ಬ ತಂದೆಯ ಕೈಲಾಗದ ಪ್ರೀತಿ ಎಂದು ನಮಗೆ ತಿಳಿಯುವ ಹೊತ್ತಿಗೆ ನಾವು ಅದನ್ನು ನೋಡಿ ನಕ್ಕು ತಿಂಗಳುಗಳೇ ಆಗಿದ್ದವು. ಆ ಸಂಜೆ ಗೋಡೆ ಅಲುಗಿತೋ ಇಲ್ಲವೋ ಯಾರೂ ನೋಡಲಿಲ್ಲ. ಆರಂಭದ ಬೇಸರವನ್ನು ಹಾರಿಸಿ ಬಂದಿದ್ದರೆ ಈ ಮನೆ, ಈ ಮೆಟ್ಟಿಲು, ಈ ಮುಖಗಳು ನಮ್ಮವೆನಿಸುತ್ತಿರಲಿಲ್ಲ. ಎರಡು ಕಾಲಗಳ ನಡುವಣ ಅಂತರವೂ ಎದೆಗೆ ತಟ್ಟುತ್ತಿರಲಿಲ್ಲ.

ನಡುವೆ ಒಂದು ದಿನ ಟಿಮ್ ಬರ್ಟನ್ ಅವರು ಇದೇ ಕಥೆಯಿಂದ ೨೦೧೨ರಲ್ಲಿ ತೆಗೆದ ಚಲನಚಿತ್ರವನ್ನೂ ನೋಡಿದೆವು. ಬಾರ್ನಬಸನಾಗಿ ಜಾನಿ ಡೆಪ್. ಕ್ಷಣಮಾತ್ರ ತೋರುವ ಅತಿಥಿಯಾಗಿ ವೃದ್ಧ ಜೊನಾಥನ್ ಫ್ರಿಡ್. ಚಿತ್ರ ಬಿಡುಗಡೆಯಾಗುವುದಕ್ಕೆ ಕೆಲವು ವಾರ ಮುಂಚೆ, ಅದೇ ವರ್ಷದ ಏಪ್ರಿಲಿನಲ್ಲಿ, ಫ್ರಿಡ್ ಅವರು ತೀರಿಕೊಂಡರು. ಆ ಚಿತ್ರದಲ್ಲಿ ಗೋಡೆ ಅಲುಗುವುದಿಲ್ಲ. ಹಣಕ್ಕೂ ಕುಶಲತೆಗೂ ಕೊರತೆಯಿಲ್ಲ. ಆದರೆ ಅದು ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುತ್ತದೆ. ಹಳೆಯದರಲ್ಲಿ ನಟರು ಅಳುತ್ತಿದ್ದರು, ನಾವು ನಗುತ್ತಿದ್ದೆವು. ಇಲ್ಲಿ ಅವರೇ ನಗಿಸಹೊರಟುದರಿಂದ ನಮಗೆ ಉಳಿದ ಕೆಲಸ ಕಡಮೆಯಾಯಿತು. ಉಪಾಧ್ಯಾಯಿನಿಯವರು ಫ್ರಿಡ್ ಅವರ ಸಲುವಾಗಿ ಐದು ಅಂಕ ಕೊಟ್ಟರು.

ಅವರ ರೋಗ ಒಮ್ಮೆ ತಗ್ಗಿ ಒಮ್ಮೆ ಹೆಚ್ಚುತ್ತ ನಡೆಯಿತು. ಚಿಕಿತ್ಸೆಯ ವಾರಗಳಲ್ಲಿ ಅವರು ಹೊರಗೆ ಹೋಗುವುದೇ ನಿಂತಿತು. "ಎಲಿಜಬೆತ್ತಿಗೆ ಹದಿನೆಂಟು ವರ್ಷ ಸಾಧ್ಯವಾದುದು ನನಗೆ ಹದಿನೆಂಟು ವಾರ ಆಗದೇ?" ಎನ್ನುತ್ತಿದ್ದರು. ಧಾರಾವಾಹಿಯಲ್ಲಿ ಜೂಲಿಯಾ ಹಾಫ್‌ಮನ್ ಎಂಬ ವೈದ್ಯೆ ಬರುತ್ತಾಳೆ. ಪಾತ್ರಧಾರಿಣಿ ಗ್ರೇಸನ್ ಹಾಲ್. ಪ್ರೇತತ್ವವೂ ರಕ್ತದ ಒಂದು ರೋಗವೆಂದು ಭಾವಿಸಿ ಬಾರ್ನಬಸನಿಗೆ ಸೂಜಿಮದ್ದು ಕೊಡುವವಳು ಅವಳು. ಅವಳು ಸೂಜಿ ಹಿಡಿಯುವ ರೀತಿಯನ್ನು ಕಂಡು ದಾದಿಯವರು ಹಣೆ ಚಚ್ಚಿಕೊಳ್ಳುತ್ತಿದ್ದರು. ಬೇಗ ಗುಣವಾಗಬೇಕೆಂಬ ಆತುರದಿಂದ ಮದ್ದಿನ ವೇಗವನ್ನು ಹೆಚ್ಚಿಸಿದಾಗ ಬಾರ್ನಬಸನಿಗೆ ಒಮ್ಮೆಲೆ ಅವನ ನಿಜವಾದ ವಯಸ್ಸೆಲ್ಲ ಬಂದು ಮುಖ ಸುಕ್ಕುಗಟ್ಟಿಬಿಡುತ್ತದೆ. ತಲೆಗೂದಲು ಉದುರಿ ಉಣ್ಣೆಯ ಟೋಪಿ ಹಾಕಿಕೊಂಡಿದ್ದ ನಮ್ಮ ಉಪಾಧ್ಯಾಯಿನಿಯವರು ಆ ದೃಶ್ಯಕ್ಕೆ ಎಲ್ಲರಿಗಿಂತ ಹೆಚ್ಚಾಗಿ ನಕ್ಕರು. ನಾವು ನಗಬಹುದೋ ಬಾರದೋ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ, "ನಗದೆ ಕುಳಿತವರಿಗೆ ನನ್ನ ಮನೆಯಲ್ಲಿ ಚಹಾ ಇಲ್ಲ" ಎಂದು ಗದರಿದರು.

೨೦೨೩ರ ವಸಂತದಲ್ಲಿ ನಾವು ೧೮೯೭ನೆಯ ಇಸವಿಯ ಕಥೆಯ ನಡುವಿನಲ್ಲಿದ್ದೆವು. ಕ್ವೆಂಟಿನ್ ಎಂಬ ಸುಂದರನು ಹುಣ್ಣಿಮೆಯ ರಾತ್ರಿಗಳಲ್ಲಿ ತೋಳವಾಗುವ ಭಾಗ ಅದು. ಹತ್ತಾರು ಕಥೆಗಳಲ್ಲಿ ಅದೇ ಉತ್ತಮವೆಂದು ಅನೇಕರ ಮತ. ಒಂದು ಶುಕ್ರವಾರ ಐದರ ಬದಲು ಮೂರು ಕಂತು ನೋಡಿ ಅವರು ದಣಿದು ಮಲಗಿದರು. ಮುಂದಿನ ಮಂಗಳವಾರ ಅವರು ಆಸ್ಪತ್ರೆಯಲ್ಲಿದ್ದರು. ಮೇ ತಿಂಗಳಲ್ಲಿ ತೀರಿಕೊಂಡರು.

ಒಂದೂವರೆ ತಿಂಗಳು ನಾವು ಕೂಡಲಿಲ್ಲ. ಅವರ ಮಗಳು ಒಂದು ದಿನ ಆ ಪೆಟ್ಟಿಗೆಯನ್ನೂ ಅಂಕದ ಪುಸ್ತಕವನ್ನೂ ನಮ್ಮ ಮನೆಗೆ ತಂದುಕೊಟ್ಟಳು. ಮೇಲೆ ತಾಯಿಯ ಕೈಬರಹದ ಒಂದು ಚೀಟಿ: ಎಲ್ಲಿ ನಿಂತಿದ್ದೆವೋ ಆ ಕಂತಿನ ಸಂಖ್ಯೆ, ಅಷ್ಟೇ. ನಮ್ಮ ಮನೆಯಾಕೆ ಅದನ್ನು ನೋಡಿ, "ಮಂಗಳವಾರ ಅವರಿಬ್ಬರನ್ನೂ ಇಲ್ಲಿಗೇ ಬರಹೇಳಿ. ಒಗ್ಗರಣೆ ಅವಲಕ್ಕಿ ಮಾಡುತ್ತೇನೆ" ಎಂದರು. ಕೆಲಸವಿಲ್ಲದವರೆಂದು ಅಂದಿದ್ದವರೂ ಅವರೇ. ಅಂದಿನಿಂದ ಅವರು ನಾಲ್ಕನೆಯವರಾಗಿ ಕುಳಿತರು. ಯಾರು ಸತ್ತು ಯಾರು ಬದುಕಿದ್ದಾರೆಂಬುದನ್ನು ಗಳಿಗೆಗೊಮ್ಮೆ ಕೇಳಿ ನಮ್ಮ ಜ್ಞಾನವನ್ನು ಪರೀಕ್ಷಿಸಿದರು. ಅಂಕ ಹಾಕುವ ಕೆಲಸ ವಿದ್ಯುತ್ ಮಿತ್ರರ ಪಾಲಿಗೆ ಬಂದಿತು.

ಈ ಧಾರಾವಾಹಿಯ ಒಂದು ಭಾಗ್ಯವೆಂದರೆ, ಅದರ ಕಾಲದ ಎಷ್ಟೋ ಧಾರಾವಾಹಿಗಳ ಟೇಪುಗಳನ್ನು ಅಳಿಸಿ ಮತ್ತೆ ಉಪಯೋಗಿಸಿದರೂ ಇದು ಬಹುಮಟ್ಟಿಗೆ ಪೂರ್ತಿಯಾಗಿ ಉಳಿದಿದೆ. ಕಳೆದುಹೋದುದು ಒಂದೇ ಒಂದು ಕಂತು: ೧೨೧೯ ಎಂಬ ಸಂಖ್ಯೆಯದು. (ಪ್ರಸಾರ ತಪ್ಪಿದ ದಿನಗಳಿಗೂ ಸಂಖ್ಯೆ ಸಂದುದರಿಂದ ಕೊನೆಯ ಕಂತಿನ ಸಂಖ್ಯೆ ೧೨೪೫ ಆಗಿದೆ.) ಅದರ ಧ್ವನಿ ಮಾತ್ರ ಸಿಕ್ಕಿದೆ, ಚಿತ್ರವಿಲ್ಲ. ಧ್ವನಿಯ ಜೊತೆಗೆ ಬೇರೆ ಕಂತುಗಳ ಸ್ಥಿರಚಿತ್ರಗಳನ್ನು ಸೇರಿಸಿ ತಟ್ಟೆಯಲ್ಲಿ ಕೊಟ್ಟಿದ್ದಾರೆ. ೨೦೨೪ರ ಮೇ ತಿಂಗಳ ಕೊನೆಯಲ್ಲಿ ನಾವು ಅದಕ್ಕೆ ಬಂದೆವು. ಚಲಿಸದ ಮುಖಗಳನ್ನು ನೋಡುತ್ತ ಮಾತನ್ನಷ್ಟೇ ಕೇಳುತ್ತ ಕುಳಿತೆವು. ದಾದಿಯವರು ನಡುವೆ ಕಣ್ಣು ಮುಚ್ಚಿಕೊಂಡರು. ಮುಗಿದ ಮೇಲೆ ನಮ್ಮ ವಿದ್ಯುತ್ ಮಿತ್ರರು ಪುಸ್ತಕ ತೆರೆದು ಬಹಳ ಹೊತ್ತು ಯೋಚಿಸಿದರು. ನೆರಳಿಲ್ಲ, ನೊಣವಿಲ್ಲ, ಅಲುಗುವ ಗೋಡೆಯಿಲ್ಲ. ಗುರುತಿಸುವುದಕ್ಕೆ ಏನೂ ಇಲ್ಲ. ಕೆಂಪು ಶಾಯಿಯಲ್ಲಿ ಹತ್ತು ಎಂದು ಬರೆದರು.

ಜೂನ್ ತಿಂಗಳಲ್ಲಿ ಕೊನೆಯ ಕಂತು ಮುಗಿಯಿತು. ಅಲ್ಲಿ ಬಾರ್ನಬಸನಿಲ್ಲ; ಜೊನಾಥನ್ ಫ್ರಿಡ್ ಅವರು ಬ್ರಾಮ್‌ವೆಲ್ ಎಂಬ ಮತ್ತೊಬ್ಬನಾಗಿ, ಬಿಸಿಲಿಗೆ ಹೆದರಬೇಕಾಗಿಲ್ಲದ ಸಾಮಾನ್ಯ ಮನುಷ್ಯನಾಗಿ, ತಾನು ಒಲಿದವಳನ್ನು ಪಡೆಯುತ್ತಾರೆ. ಐದು ವರ್ಷ ಪ್ರೇತಗಳನ್ನು ಕುಣಿಸಿದ ಕಥೆಯು ಪ್ರೇತವಿಲ್ಲದ ಒಂದು ಮನೆಯಲ್ಲಿ ಶಾಂತವಾಗಿ ನಿಂತುಬಿಡುತ್ತದೆ.

ಸಾಹಿತ್ಯಪ್ರಿಯರು ಈ ಧಾರಾವಾಹಿಯನ್ನು ಕಲಾಕೃತಿಯೆಂದು ಒಪ್ಪಬೇಕೆಂದು ನಾನು ವಾದಿಸುವುದಿಲ್ಲ. ಅದು ಅಲ್ಲಿಂದಿಲ್ಲಿಂದ ಎರವಲು ತಂದ ಕಥೆ; 'ಡ್ರಾಕುಲ' ಒಂದು ಕಡೆ, 'ಫ್ರಾಂಕೆನ್‌ಸ್ಟೈನ್' ಮತ್ತೊಂದು ಕಡೆ, 'ಡೋರಿಯನ್ ಗ್ರೇ' ಇನ್ನೊಂದು ಕಡೆ ಸಿಕ್ಕುತ್ತವೆ. ಅದರ ಮಾತು ಅತಿ, ಅಳು ಅತಿ, ಮಂಜೂ ಅತಿ. ಆದರೆ ತಾವು ಮಾಡುತ್ತಿರುವುದು ಹಾಸ್ಯಾಸ್ಪದವಾಗಬಹುದೆಂದು ಬಲ್ಲವರು, ಗೋಡೆ ಅಲುಗುತ್ತಿದ್ದರೂ ಮುಖ ತಿರುಗಿಸದೆ, ಮಾತು ಮರೆತರೂ ವೇಷ ಬಿಡದೆ, ದಿನದಿನವೂ ಮನಃಪೂರ್ವಕವಾಗಿ ನಿಂತು ಆಡಿದರು. ಅಂತಹ ಆಟವನ್ನು ನೋಡಿ ನಗುವುದು ಅಗೌರವವಲ್ಲ. ಒಬ್ಬನೇ ಕುಳಿತು ನಕ್ಕರೆ ಅದು ತಿರಸ್ಕಾರವಾದೀತು. ಸ್ನೇಹಿತರೊಡನೆ, ಅದೂ ಮುಂದೆ ಎಷ್ಟು ವಾರವಿದೆಯೆಂದು ಚೀಟಿಯಲ್ಲಿ ಲೆಕ್ಕ ಬರೆದು ತೋರಿಸಿದ ಸ್ನೇಹಿತರೊಡನೆ ನಕ್ಕಾಗ ಅದರ ಬಣ್ಣವೇ ಬೇರೆ.

ಪುಸ್ತಕದಲ್ಲಿ ಇನ್ನೂ ಹನ್ನೆರಡು ಹಾಳೆ ಖಾಲಿ ಇವೆ. ಮೊದಲ ಇನ್ನೂರು ಕಂತುಗಳನ್ನು ತಾವು ನೋಡಲೇ ಇಲ್ಲವೆಂದು ನಮ್ಮ ಮನೆಯಾಕೆಯ ಆಕ್ಷೇಪಣೆ. ಅದು ನ್ಯಾಯವಾದುದೆಂದು ಮೂವರೂ ಒಪ್ಪಿದ್ದೇವೆ.